ಕನ್ನಡದ ವಿಳಾಸಕ್ಕೆ ಬಾಗಿಲು ಮುಚ್ಚಬೇಡಿ

(ಖಾನಾಪುರದ ಯುವಕರ ಸಭೆಯಲ್ಲಿ ಬೆಳಗಾವಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ಅಂಗಡಿಗಳ ಬೋರ್ಡಿನ ಮೇಲೆ ಕನ್ನಡ ಬೇಕೆಂದು ಕೇಳುವವರು ನಾವು. ವೆಬ್‌ಸೈಟಿಗೂ ಒಂದು ಬೋರ್ಡಿದೆ. ಅದೇ ಅದರ ವಿಳಾಸ. ಆ ವಿಳಾಸದಲ್ಲಿ ‘ಖಾನಾಪುರ’ ಎಂದು ಕನ್ನಡದಲ್ಲೇ ಬರೆದರೆ ಪುಟ ತೆರೆಯುತ್ತದೆಯೇ? ಇದೇ ಇವತ್ತಿನ ಪ್ರಶ್ನೆ.

ಕೆಲಸ ನಡೆಯುವ ರೀತಿ ಸರಳ. ಕಾಗದದ ಮೇಲೆ 591302 ಎಂದು ಪಿನ್ ಬರೆದರೆ ಅದು ಖಾನಾಪುರದ ಅಂಚೆ ಕಚೇರಿಗೇ ಬರುತ್ತದೆ. ವೆಬ್‌ಸೈಟಿನಲ್ಲಿ ಈ ವಿಂಗಡಣೆ ಮಾಡುವ ಪಟ್ಟಿಗೆ ರೂಟ್ ಎನ್ನುತ್ತಾರೆ. ಸೈಟಿನ ಹೆಸರಿನ ಮುಂದಿರುವ ಭಾಗವನ್ನು ಓದಿ, ಇದು ಯಾರ ಕೆಲಸ ಎಂದು ಅದು ಹೇಳುತ್ತದೆ. ಕೆಲಸ ಮಾಡಿ ಪುಟ ಕೊಡುವವನು ಕಂಟ್ರೋಲರ್. ಲಾರಾವೆಲ್, ರೈಲ್ಸ್‌ಗಳಲ್ಲಿ ಇದೇ ಹೆಸರು. ಜಾಂಗೋದಲ್ಲಿ ಅವನನ್ನು ವ್ಯೂ ಎನ್ನುತ್ತಾರೆ.

ಜಾಂಗೋ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ ಸಾಲೇ ಗೆದ್ದಿತು. ‘ಊರು/ಯಾವುದಾದರೂ’ ಎಂಬ ಸಾಲು ಮೇಲಿದ್ದರೆ ಅದರ ಕೆಳಗಿನ ‘ಊರು/ಪಟ್ಟಿ’ಗೆ ಸರದಿಯೇ ಬರುವುದಿಲ್ಲ. ಯಾವುದೂ ಹೊಂದದಿದ್ದರೆ 404, ಪುಟ ಸಿಗಲಿಲ್ಲ!

ಈಗ ನಮ್ಮ ವಿಷಯ. ‘ಖಾನಾಪುರ’ದಲ್ಲಿ ಯೂನಿಕೋಡ್ ಲೆಕ್ಕಕ್ಕೆ 7 ಚಿಹ್ನೆಗಳು. ಒಂದಕ್ಕೆ 3 ಬೈಟಿನಂತೆ 21 ಬೈಟು. ಬ್ರೌಸರ್ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಸೇರಿಸಿ ಕಳಿಸುವುದರಿಂದ 63 ಅಕ್ಷರಗಳಾಗುತ್ತವೆ. ಉದ್ದವಾಯಿತು, ಆದರೆ ತಪ್ಪೇನಿಲ್ಲ. ಕನ್ನಡ ವಿಕಿಪೀಡಿಯದ ಪುಟಗಳೆಲ್ಲ ಹೀಗೆಯೇ ತೆರೆಯುತ್ತಿವೆ.

ಹಾಗಾದರೆ ತಡೆ ಎಲ್ಲಿದೆ? ಜಾಂಗೋದ ರೂಟಿನಲ್ಲಿ ‘ಸ್ಲಗ್’ ಎಂದು ಬರೆದರೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇಷ್ಟಕ್ಕೇ ಪ್ರವೇಶ. ನಮ್ಮ ಖಾನಾಪುರಕ್ಕೆ 404! ಅದೇ ಜಾಗದಲ್ಲಿ ‘ಸ್ಟ್ರ್’ ಎಂದು ಬರೆಯಿರಿ, ಬಾಗಿಲು ತೆರೆಯುತ್ತದೆ. ಒಂದೇ ಪದದ ಅಂತರ.

ಇನ್ನೊಂದು ತಡೆ ಇದಕ್ಕಿಂತ ಕೆಟ್ಟದ್ದು. ಶೀರ್ಷಿಕೆಯಿಂದ ವಿಳಾಸ ತಯಾರಿಸುವ ‘ಸ್ಲಗಿಫೈ’ಗೆ ಯೂನಿಕೋಡ್ ಅನುಮತಿ ಕೊಟ್ಟರೂ ಅದು ಸ್ವರಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ‘ಖಾನಾಪುರ’ ಹೋಗಿ ‘ಖನಪರ’ ಆಗುತ್ತದೆ! ಕೊಂಬು, ದೀರ್ಘ ಕಿತ್ತ ಕನ್ನಡವನ್ನು ಯಾವ ಮುದ್ರಕನೂ ಅಚ್ಚು ಹಾಕಲಾರ. ವೆಬ್‌ಸೈಟ್ ಮಾಡುವವರು ಏಕೆ ಸಹಿಸಬೇಕು? ಯೂನಿಕೋಡಿನಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಕನ್ನಡದ ವಲಯವನ್ನು ಪೂರ್ತಿ ಒಪ್ಪುವ ನಿಯಮವನ್ನು ನೀವೇ ಬರೆಯಿರಿ.

ಹಳೆಯ ವಿಳಾಸಗಳನ್ನೂ ಕೈಬಿಡಬೇಡಿ. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಅಧಿಕೃತವಾಯಿತು. ಹಳೆಯ ಹೆಸರಿನಲ್ಲಿ ಬಂದವರನ್ನು 301 ಎಂಬ ಸೂಚನೆಯಿಂದ ಹೊಸ ಹೆಸರಿನ ಪುಟಕ್ಕೆ ಕಳಿಸಬಹುದು. ಬಂದವರು ಬರಿಗೈಲಿ ಹೋಗುವುದಿಲ್ಲ, ಹೊಸ ಹೆಸರೂ ಬಳಕೆಗೆ ಬರುತ್ತದೆ.

ಗೆಳೆಯರೇ, ಇಲ್ಲಿ ಕನ್ನಡವನ್ನು ಹೊರಗಿಟ್ಟದ್ದು ಯಾರದೋ ದ್ವೇಷವಲ್ಲ. ಯಾರೋ ಬರೆದ ಒಂದು ಸಾಲು, ಯಾರೂ ಪರೀಕ್ಷಿಸದೆ ಬಿಟ್ಟ ಒಂದು ಸಾಲು. ಅದನ್ನು ತಿದ್ದಲು ಮೆರವಣಿಗೆ ಬೇಕಿಲ್ಲ, ಆ ಕೆಲಸ ಬಲ್ಲ ಕನ್ನಡಿಗ ಬೇಕು. ನಿಮ್ಮಲ್ಲಿ ಅನೇಕರು ಇದೇ ಕೆಲಸದಲ್ಲಿದ್ದೀರಿ. ನಾಳೆ ಕಚೇರಿಗೆ ಹೋದ ಕೂಡಲೇ ನಿಮ್ಮ ಸೈಟಿನ ವಿಳಾಸದಲ್ಲಿ ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿರಿ. ತೆರೆಯದಿದ್ದರೆ ತೆರೆಸಿರಿ!