ಅರ್ಥವಿದ್ಯೆಯೂ ಸ್ವಾಧ್ಯಾಯವೂ

(ಮಹೋತ್ಸವದ ವಿದ್ಯಾರ್ಥಿ ಸಮ್ಮೇಲನದಲ್ಲಿ ಮಾಡಿದ ಭಾಷಣ)

 

ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ತರುಣರು ಪದೇಪದೇ ಕೇಳುವ ಪ್ರಶ್ನೆಯೊಂದುಂಟು: “ನಾವು ಇತಿಹಾಸವನ್ನೋ ಭೌತಶಾಸ್ತ್ರವನ್ನೋ ಅಭ್ಯಸಿಸುವವರು, ಹೆಚ್ಚಿನ ಶುಲ್ಕ ತೆತ್ತು ವಾಣಿಜ್ಯಶಾಲೆಗೆ ಸೇರುವ ಶಕ್ತಿಯಿಲ್ಲ. ಹಣಕಾಸಿನ ಉದ್ಯೋಗದಲ್ಲಿ ನಮಗೆ ಪ್ರವೇಶವುಂಟೇ?” ಉಂಟೆಂಬುದೇ ನನ್ನ ಉತ್ತರ. ಆದರೆ ಆ ಬಾಗಿಲನ್ನು ತೆರೆಯತಕ್ಕದ್ದು ಕ್ರಮಬದ್ಧವಾದ ಸ್ವಾಧ್ಯಾಯವೇ ಹೊರತು ಆತುರವಲ್ಲ.

ವಿದ್ಯೆಯಲ್ಲಿ ಗುರುವಿನದು ಒಂದು ಪಾಲು. ಉಳಿದುದು ಸ್ವಬುದ್ಧಿಗೂ ಸಹಪಾಠಿಗಳಿಗೂ ಕಾಲಕ್ಕೂ ಸೇರಿದುದೆಂದು ಪಾಠಶಾಲೆಯ ಹಿರಿಯರು ವಿಭಾಗಿಸಿರುವರು. ಅರ್ಥವಿದ್ಯೆಗೂ ಇದು ಸಲ್ಲುವುದು.

ಗುರುವಿನ ಪಾಲು ಈಗ ದುರ್ಲಭವಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಾಪಕರಾದ ಅಸ್ವತ್ಥ ದಾಮೋದರನ್ ಅವರು ಮೌಲ್ಯನಿರ್ಣಯದ ತಮ್ಮ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವರು.

ಸ್ವಬುದ್ಧಿಯ ಪಾಲೇ ಹಿರಿದು. ವ್ಯಾಕರಣವಿಲ್ಲದೆ ಶಾಸ್ತ್ರವಿಲ್ಲ, ಲೆಕ್ಕಪತ್ರದ ಜ್ಞಾನವಿಲ್ಲದೆ ಹಣಕಾಸಿಲ್ಲ. ವರ್ತಕರ ಜೋಡಿನಮೂದಿನ ಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ ಲೂಕಾ ಪಚಿಯೋಲಿಯು ಒಬ್ಬ ಕ್ರೈಸ್ತ ಸಂನ್ಯಾಸಿಯೆಂಬುದು ಇಲ್ಲಿ ಸ್ಮರಣೀಯ. ಮೊದಲು ಕೀರ್ದಿ-ಖಾತೆಗಳನ್ನು ಬರೆಯಲು ಕಲಿಯಿರಿ. ಬಳಿಕ ಲಾಭನಷ್ಟದ ಪಟ್ಟಿ, ಆಸ್ತಿಹೊಣೆಗಳ ಪಟ್ಟಿ, ನಗದು ಹರಿವಿನ ಪಟ್ಟಿ ಇವು ಮೂರರ ಸಂಬಂಧವನ್ನು ಅರಿಯಿರಿ. ವರ್ತಕನೊಬ್ಬನು ನಗದು ತೆತ್ತು 800 ರೂಪಾಯಿಗೆ ಕೊಂಡ ಸರಕನ್ನು 1,000 ರೂಪಾಯಿಗೆ ಉದ್ದರಿ ಮಾರಿದನೆನ್ನಿ. ಪಟ್ಟಿಯಲ್ಲಿ 200 ರೂಪಾಯಿ ಲಾಭವಿರುವುದು. ಪೆಟ್ಟಿಗೆಯಲ್ಲಿ 800 ರೂಪಾಯಿ ಕಡಮೆಯಾಗಿರುವುದು. ಲಾಭವಿದ್ದೂ ಅಂಗಡಿ ಮುಚ್ಚುವುದೇಕೆಂಬುದು ಇದರಿಂದ ತಿಳಿಯುವುದು. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಗಳು ಕಾಸಿಲ್ಲದೆ ದೊರೆಯುತ್ತವೆ. ಒಂದು ಕಂಪನಿಯ 5 ವರ್ಷಗಳ ವರದಿಗಳನ್ನು ಓದಿ, ಅಂಕಿಗಳನ್ನು ಸ್ವಹಸ್ತದಿಂದ ಎಕ್ಸೆಲ್‌ನಲ್ಲಿ ತುಂಬಿ, ಅದರ ಬೆಲೆಯ ಬಗ್ಗೆ ನಿಮ್ಮ ನಿರ್ಣಯವನ್ನು ಎರಡು ಪುಟಗಳಲ್ಲಿ ಬರೆಯಿರಿ. ಉದ್ಯೋಗ ಕೊಡುವವರ ಮುಂದಿಡಲು ಬರಿಯ ಆಸಕ್ತಿಯ ಮಾತಿಗಿಂತ ಆ ಎರಡು ಪುಟಗಳೇ ಬಲವಾದ ಸಾಕ್ಷಿ.

ಸಹಪಾಠಿಗಳು ಮೂರು ನಾಲ್ಕು ಮಂದಿ ವಾರಕ್ಕೊಮ್ಮೆ ಕೂಡಿ, ಒಬ್ಬನ ನಿರ್ಣಯಕ್ಕೆ ಉಳಿದವರು ಪೂರ್ವಪಕ್ಷವನ್ನೊಡ್ಡಲಿ. ಅದನ್ನು ಸಹಿಸಿ ನಿಂತುದೇ ಸಿದ್ಧಾಂತ.

ಇನ್ನು ಕಾಲದ ಪಾಲು. ಸೆಬಿಯು 2006ರಲ್ಲಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳನ್ನು ವಿದ್ಯಾರ್ಥಿಗಳೂ ಬರೆಯಬಹುದು. ಸಿಎಫ್‌ಎ ಪರೀಕ್ಷೆಗೆ ಮೂರು ಹಂತಗಳುಂಟು. ಮೊದಲನೆಯದನ್ನು ಪದವಿ ಮುಗಿಯುವ ಮುನ್ನವೇ ಬರೆಯಲು ಅವಕಾಶವಿರುವುದು, ಆದರೆ ಅದರ ಶುಲ್ಕವು ದೊಡ್ಡದು. ಆದುದರಿಂದ ಸಿದ್ಧತೆ ಪೂರ್ಣವಾದ ಮೇಲೆಯೇ ಅದಕ್ಕೆ ಕೈಹಾಕತಕ್ಕದ್ದು.

ಈ ಕಾಲವನ್ನು ಕಾಯಲಾರದವರೇ ಸಟ್ಟಾವ್ಯಾಪಾರವನ್ನು ವಿದ್ಯೆಯೆಂದು ಭ್ರಮಿಸುವರು. ತಂದೆಯು ಬೆಳೆ ಮಾರಿ ಕಳುಹಿಸಿದ ಹಣವನ್ನು ಮೊಬೈಲಿನಲ್ಲಿ ಪಣಕ್ಕೊಡ್ಡುವುದು ಅಭ್ಯಾಸವಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದರೆಂದು ಸೆಬಿಯ 2024ರ ಅಧ್ಯಯನವು ಸಾರಿತು. ಈ ಒಂದು ಅಂಕಿಯನ್ನು ನಿಲಯದ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ತರುಣರೇ, ಈ ಉದ್ಯೋಗದಲ್ಲಿ ನಿಮ್ಮ ಕೈಗೆ ಬರುವುದು ಪರರ ಗಳಿಕೆ; ವಿಧವೆಯ ಉಳಿತಾಯ, ವೃದ್ಧನ ನಿವೃತ್ತಿವೇತನ. ಅದನ್ನು ಕಾಯುವ ಯೋಗ್ಯತೆಯು, ಯಾರೂ ನೋಡದಿರುವಾಗಲೂ ಲೆಕ್ಕವನ್ನು ತಪ್ಪದೆ ತಾಳೆನೋಡುವ ಅಭ್ಯಾಸದಿಂದ ಬರುವುದು. ಸ್ವಾಧ್ಯಾಯವು ಕಲಿಸುವುದೂ ಅದನ್ನೇ. ನಿಮ್ಮ ಪ್ರಯತ್ನವು ಸಫಲವಾಗಲೆಂದು ಹಾರೈಸಿ ವಿರಮಿಸುವೆನು.