ಸೋಡಿಯಂ ಏರಿಸುವ ಅವಸರ, ಮಿದುಳಿಗೆ ಬೀಳುವ ಪೆಟ್ಟು



1959ರಲ್ಲಿ ಅಮೆರಿಕದ ರೇಮಂಡ್ ಆಡಮ್ಸ್, ಮಾರಿಸ್ ವಿಕ್ಟರ್ ಮತ್ತು ಎಲಿಯಟ್ ಮ್ಯಾಂಕಾಲ್ ನಾಲ್ವರು ರೋಗಿಗಳ ವಿವರ ಪ್ರಕಟಿಸಿದರು. ಸತ್ತ ಮೇಲೆ ನೋಡಿದರೆ, ಮಿದುಳಕಾಂಡದ ಪಾನ್ಸ್ ಭಾಗದ ನಡುವೆ ನರತಂತುಗಳ ಮಯಲಿನ್ ಹೊದಿಕೆ ಕಳಚಿಹೋಗಿತ್ತು. ಆಗ ಅನುಮಾನ ಹೋದದ್ದು ಕುಡಿತ ಮತ್ತು ಅಪೌಷ್ಟಿಕತೆಯ ಮೇಲೆ. ನಿಜವಾದ ಕಾರಣ ನಿಚ್ಚಳವಾಗಲು ಎರಡು ದಶಕ ಬೇಕಾಯಿತು. 1981ರಲ್ಲಿ ಇಲಿಗಳ ಪ್ರಯೋಗ, 1986ರಲ್ಲಿ ರಿಚರ್ಡ್ ಸ್ಟರ್ನ್ಸ್ ಮತ್ತು ಸಂಗಡಿಗರ ರೋಗಿಗಳ ಅಧ್ಯಯನ ಒಂದೇ ಕಡೆ ಬೊಟ್ಟು ಮಾಡಿದವು: ಇಳಿದಿದ್ದ ಸೋಡಿಯಂ ಅನ್ನು ಏರಿಸಿದ ವೇಗದತ್ತ.

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಇಳಿದಾಗ ನೀರು ಮಿದುಳಿನ ಕೋಶಗಳಿಗೆ ನುಗ್ಗುತ್ತದೆ. ಎರಡು ದಿನಗಳೊಳಗೆ ಕೋಶಗಳು ಪೊಟ್ಯಾಸಿಯಂ, ಅಮೈನೋ ಆಮ್ಲಗಳನ್ನು ಹೊರಗೆ ಚೆಲ್ಲಿ ಊತ ಇಳಿಸಿಕೊಳ್ಳುತ್ತವೆ. ಚೆಲ್ಲಿದ್ದನ್ನು ಮರಳಿ ತುಂಬಿಕೊಳ್ಳಲು ಮಾತ್ರ ಅವಕ್ಕೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ರಕ್ತದ ಸೋಡಿಯಂ ಜಿಗಿದರೆ ಕೋಶಗಳು ಒಣಗಿ ಸಾಯುತ್ತವೆ.

ಹಾಗೆಂದು ನಿಧಾನವೇ ಸದಾ ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಿತ್ತು. ಮೂವರಲ್ಲಿ 120ಕ್ಕೂ ಕೆಳಗಿಳಿದಿತ್ತು. ಹೀಗೆ ಗಂಟೆಗಳಲ್ಲಿ ಇಳಿದು ಫಿಟ್ಸ್ ಬಂದವರಿಗೆ ಕಾಯುವುದೇ ಅಪಾಯ. ಶೇ 3ರ ಸಲೈನ್ 100–150 ಮಿಲಿಲೀಟರ್ ಕೂಡಲೇ ಹೋಗಬೇಕು. ಮಟ್ಟ 4–6ರಷ್ಟು ಏರಿದರೆ ಜೀವ ಉಳಿಸಲು ಸಾಕು.

ಮೋಸ ಆಗುವುದು ಬೇರೆ ಕಡೆ. ಬಿ.ಪಿ.ಗೆಂದು ಥಯಜೈಡ್ ಮಾತ್ರೆ ನುಂಗುವ ಅಜ್ಜಿಯೊಬ್ಬರು ವಾಂತಿಯಾಗಿ ವಾರ್ಡಿಗೆ ಬರುತ್ತಾರೆ ಎನ್ನಿ, ಸೋಡಿಯಂ 108. ಸಾಧಾರಣ ಸಲೈನನ್ನೇ ಹಚ್ಚುತ್ತಾರೆ, ಲೆಕ್ಕವೂ ಸರಿಯಿರುತ್ತದೆ. ದೇಹಕ್ಕೆ ದ್ರವ ತುಂಬುತ್ತಿದ್ದಂತೆ ನೀರನ್ನು ಹಿಡಿದಿಟ್ಟಿದ್ದ ವ್ಯಾಸೊಪ್ರೆಸಿನ್ ಹಾರ್ಮೋನು ನಿಲ್ಲುತ್ತದೆ. ನಡುರಾತ್ರಿ ಮೂತ್ರದ ಚೀಲ ನೀರಿನಂಥ ತಿಳಿ ಮೂತ್ರದಿಂದ ಭರಭರನೆ ತುಂಬುತ್ತದೆ. ಡ್ರಿಪ್‌ನ ವೇಗ ಯಾರೂ ಮುಟ್ಟಿರುವುದಿಲ್ಲ, ಬೆಳಗಿನ ರಿಪೋರ್ಟ್ ಮಾತ್ರ 124 ಎನ್ನುತ್ತದೆ. ಆ ಚೀಲವನ್ನು ಮೊದಲು ಕಾಣುವವರು ನರ್ಸ್. ಅವರ ಒಂದು ಫೋನ್ ಕರೆಗೆ ಯಾವ ಔಷಧಿಯೂ ಸಾಟಿಯಲ್ಲ.

ಕರೆ ತಡವಾದರೂ ಕೈಚೆಲ್ಲಬೇಕಿಲ್ಲ. ಡೆಸ್ಮೊಪ್ರೆಸಿನ್ ಜೊತೆಗೆ ಶೇ 5ರ ಡೆಕ್ಸ್‌ಟ್ರೋಸ್ ಕೊಟ್ಟು ಏರಿದ ಮಟ್ಟವನ್ನು ಮತ್ತೆ ಇಳಿಸಬಹುದು. ಆದರೆ ಲಕ್ಷಣ ಕಾಣುವ ಮೊದಲೇ ಇದಾಗಬೇಕು. ತಪ್ಪಿದರೆ, ರೋಗಿ ಮೊದಲು ಗೆಲುವಾದಂತೆ ಕಂಡು, ಎರಡರಿಂದ ಆರು ದಿನಗಳಲ್ಲಿ ಮಾತು ತೊದಲಿ, ನುಂಗಲಾಗದೆ, ಕೈಕಾಲು ಸೋಲುತ್ತವೆ. ಮೊದಲ ಎಂ.ಆರ್.ಐ. ಶುಭ್ರವಾಗಿಯೇ ಇರಬಹುದು. ಇಷ್ಟಾದವರಲ್ಲೂ ಕೆಲವರು ಫಿಸಿಯೋಥೆರಪಿಯಿಂದ ಮತ್ತೆ ನಡೆದಿದ್ದಾರೆ. ಚಿಕಿತ್ಸೆ ಬೇಗ ಕೈಬಿಡುವುದು ಅನ್ಯಾಯ.

ಸೋಡಿಯಂ ದಿನಕ್ಕೆ ಇಷ್ಟೇ ಏರಬೇಕೆಂಬ ಮಿತಿ ಅತಿಯಾಯಿತೆಂಬ ವಾದವೂ ಈಗ ಬಲವಾಗಿದೆ. 2023ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 22,858 ದಾಖಲಾತಿಗಳ ಪೈಕಿ ಈ ಹಾನಿ ಕಂಡದ್ದು 12ರಲ್ಲಿ. ಚರ್ಚೆ ನಡೆಯಲಿ. ಆದರೆ ಕುಡಿತ, ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಕಡಿಮೆ ಪೊಟ್ಯಾಸಿಯಂ ಇರುವವರಲ್ಲಿ, 105 ಅಥವಾ ಅದಕ್ಕೂ ಕೆಳಗೆ ಇಳಿದವರಲ್ಲಿ, ದಿನಕ್ಕೆ 8ರ ಗಡಿ ದಾಟುವುದು ಸಲ್ಲದು.

ರಾತ್ರಿ ರಕ್ತದ ಸ್ಯಾಂಪಲ್ ಯಾರು ಕಳಿಸಬೇಕು, ಗಂಟೆಗೊಮ್ಮೆ ಮೂತ್ರದ ಪ್ರಮಾಣ ಯಾರು ಬರೆಯಬೇಕು, ಎಷ್ಟಾದರೆ ಯಾರನ್ನು ಎಬ್ಬಿಸಬೇಕು? ಸಂಜೆಯ ಅಧಿವೇಶನದೊಳಗೆ ಇದನ್ನು ಒಂದು ಪುಟದಲ್ಲಿ ಬರೆದು, ನಿಮ್ಮ ನಿಮ್ಮ ವಾರ್ಡಿನ ಗೋಡೆಗೆ ಹಚ್ಚಿ.