ಕಾಫಿ ಗಿಡ ಬೆಟ್ಟ ಹತ್ತೀತು, ಕೂಲಿಕಾರ?
(ಮಿಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನಾವು ಕುಡಿಯುವ ಕಾಫಿ ಹವೆಯನ್ನು ನಂಬಿದ ಬೆಳೆ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ನಮ್ಮ ರಾಜ್ಯದ್ದು. ಕೊಡಗು, ಚಿಕ್ಕಮಗಳೂರು, ಹಾಸನಗಳದ್ದು. ಅರೇಬಿಕಾಕ್ಕೆ 15ರಿಂದ 25 ಡಿಗ್ರಿಯ ತಂಪು, 1000ದಿಂದ 1500 ಮೀಟರ್ ಎತ್ತರ ಬೇಕು. ರೊಬಸ್ಟಾ ಕೆಳಗಿನ ಸೆಕೆ ತಡೆದೀತು. ಆದರೆ ಫೆಬ್ರವರಿ, ಮಾರ್ಚಿಯ ಹೂಮಳೆ ತಪ್ಪಿದರೆ ಅದರ ಫಸಲೂ ಕೆಟ್ಟಿತು.

ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾಯುತ್ತಿದೆ. ಕಾವು ಏರಿದಂತೆ ಅರೇಬಿಕಾದ ನೆಲೆ ಮೇಲಕ್ಕೆ ಸರಿಯುತ್ತದೆ. 2050ರ ಹೊತ್ತಿಗೆ ಜಗತ್ತಿನಲ್ಲಿ ಕಾಫಿಗೆ ಒಗ್ಗುವ ಭೂಮಿ ಅರ್ಧಕ್ಕಿಳಿದೀತೆಂದು ವಿಜ್ಞಾನಿಗಳು 2015ರಲ್ಲಿ ಲೆಕ್ಕ ಕೊಟ್ಟರು. ಮೇಲೇರೋಣವೆಂದರೆ ಬೆಟ್ಟಕ್ಕೆ ತುದಿಯುಂಟು. ತುದಿಯಲ್ಲಿ ಶೋಲಾ ಕಾಡುಂಟು. ಅದನ್ನು ಕಡಿದರೆ ಹೊಳೆಗಳ ಮೂಲಕ್ಕೇ ಕೊಡಲಿ.

ಹಣವಂತ ಬೇರೆಡೆ ತೋಟ ಕೊಂಡಾನು. ಆದರೆ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು. ಆ ಸಣ್ಣ ಬೆಳೆಗಾರ, ಲೈನುಮನೆಯ ಕೂಲಿಕಾರ ಎಲ್ಲಿಗೆ ಹೋಗಬೇಕು? ಬೆಲೆ ಏರಿದರೆ ಪುಡಿ ಮಾರುವ ಅಂಗಡಿಯವನ ಗಿರಾಕಿಯೂ ಕರಗುತ್ತಾನೆ.

ಆದ್ದರಿಂದ ನಾವು ಕೇಳುವುದು ಮೂರು: ತೋಟದ ನೆರಳುಮರ ಉಳಿಸುವವನಿಗೆ ನೆರವು, ಸಣ್ಣ ಹಿಡುವಳಿಗೆ ಮಳೆ–ಬಿಸಿಲಿನ ವಿಮೆ, ಫಸಲು ಕೆಟ್ಟ ವರ್ಷವೂ ಕೂಲಿಕಾರನಿಗೆ ಕೆಲಸ. ಹವೆ ಕೆಡಿಸಿದವರ ಸಾಲವನ್ನು ಬೆವರು ಸುರಿಸಿದವರು ತೀರಿಸಬೇಕಾಗಿಲ್ಲ.